ಬೀಗಿತ್ತಿಯ ಪಚ್ಚ ಗೀಟು

ಮರ ಕಡೆಯುವ ಹುಚ್ಚು ನನಗೆ ಹತ್ತಿದ್ದು ನಿವೃತ್ತಿಯಾದ ಮೇಲೆ. ಕೆಜಿಎಫ್‌ನ ಊರಿಗಾಂನಲ್ಲಿ, ಗಣಿ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ನಮ್ಮ ಲೈನ್ ಮನೆಯ ಹಿತ್ತಲಲ್ಲಿ ಲೇತ್ ಇಟ್ಟುಕೊಂಡು ಬಟ್ಟಲು, ಭರಣಿ ಅಂತ ಕಡೆದು, ಬೇಡ ಅಂದವರಿಗೂ ಕೊಡುತ್ತಿದ್ದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನೆರೆಹೊರೆ ಬದುಕಿಕೊಳ್ಳುತ್ತಿತ್ತು. ಫೋನಿನಲ್ಲಿ ವಿಡಿಯೊ ನೋಡಿ, ಮರದ ಮೇಲೆ ಗೀಟು ಕೊರೆದು, ಅದರೊಳಗೆ ಬಣ್ಣದ ಪುಡಿ ತುಂಬಿ, ಅಂಟು ಬಿಟ್ಟು ಉಜ್ಜುವ ಕಲೆಗೂ ಕೈ ಹಾಕಿದೆ.

ವಿಡಿಯೊದವರು ಯಾವುದೋ ದೇಶದ ನೀಲಿ ಕಲ್ಲು ತುಂಬುತ್ತಾರೆ. ನಾನು ಅಡುಗೆಮನೆಗೆ ನುಗ್ಗಿದೆ. ಕುಂಕುಮ ಅಂಟು ಕುಡಿದು ಕಪ್ಪಿಟ್ಟಿತು. ಅರಿಶಿನ ಕಿಟಕಿಯ ಬಿಸಿಲಿಗೆ ಬಿಳಿಚಿಕೊಂಡಿತು. ಕಾಫಿಪುಡಿ ಚೆನ್ನಾಗಿಯೇ ಬಂತು, ಆದರೆ ಕಂದು ಮರದ ಮೇಲೆ ಕಂದು ಗೀಟು ಹಾಕಿ ಯಾರಿಗೆ ತೋರಿಸುವುದು?

"ಸಾರಿನ ಪುಡಿ ಒಂದು ಉಳ್ಕೊಂಡೈತೆ, ಅದ್ನೂ ಆಕ್ಬುಡಿ," ಎಂದಳು ಹೆಂಡತಿ.

ಹೀಗಿರುವಾಗ ಬೂದಿಕೋಟೆಯಿಂದ ನಮ್ಮ ಬೀಗಿತ್ತಿ, ಸೊಸೆಯ ತಾಯಿ, ಫೋನ್ ಮಾಡಿದರು. ಅವರ ಮನೆಮಾತು ತೆಲುಗು. ನಮ್ಮ ಹತ್ತಿರ ಕನ್ನಡವೇ, ನಡುನಡುವೆ ತೆಲುಗು ನುಸುಳುತ್ತದೆ.

"ಅಣ್ಣಾ, ದೇವ್ರ ಗೂಡಿಗೆ ಒಂದು ಕುಂಕುಮದ ಭರಣಿ ಮಾಡ್ಕೊಡು. ಸುತ್ತಾ ಪಚ್ಚ ಗೀಟು ಇರ್ಬೇಕು, ದಪ್ಪಗೆ. ನಮ್ ಉಡ್ಗಿಗೆ ಮಾತ್ರ ಏಳ್ಬ್ಯಾಡ."

ನನ್ನ ಕೈಕೆಲಸವನ್ನು ತಾನಾಗಿ ಕೇಳಿದ ಮೊದಲ ಮನುಷ್ಯೆ! ಉಬ್ಬಿಹೋದೆ. ಮಗಳಿಗೆ ಯಾಕೆ ಹೇಳಬಾರದು ಅಂತ ಕೇಳುವಷ್ಟು ವ್ಯವಧಾನವೂ ಇರಲಿಲ್ಲ. ಮಗಳಿಗೇ ಉಡುಗೊರೆ ಕೊಡುತ್ತಾರೇನೋ ಅಂದುಕೊಂಡೆ.

ಪಚ್ಚ ಅಂದರೆ ಹಸಿರು ತಾನೆ? ಯಾವುದಕ್ಕೂ ಇರಲಿ ಅಂತ ಪಕ್ಕದ ಮನೆಯವನನ್ನು ಕೇಳಿದೆ. ಮನೆಯಲ್ಲಿ ತಮಿಳು ಆಡುವವನು. "ಪಚ್ಚೈ ಅಂದ್ರೆ ಅಸ್ರೇ ಸಾರ್, ಅದ್ರಾಗೇನೈತೆ?" ಎಂದ. ನಮ್ಮ ಕೆಜಿಎಫ್‌ನವರಿಗೆ ಮೂರು ಭಾಷೆ ಬರುತ್ತದೆ ಅನ್ನುವ ಜಂಬ ಬೇರೆ. ಮೂರರಲ್ಲೂ ಜಗಳವಾಡಬಲ್ಲೆವು, ಅದು ನಿಜ. ಮಾತು ಮುಗಿಸುವ ಮೊದಲು ಅವನು ಗಣಿಯ ಮಣ್ಣುಗುಡ್ಡೆಯ ಬದಿಯಲ್ಲಿ ಹೆಕ್ಕಿದ ಒಂದು ಕಲ್ಲನ್ನು ನನ್ನ ಕೈಗಿಟ್ಟು, "ಇದ್ನ ಪುಡಿ ಮಾಡಿ ತುಂಬಿ ಸಾರ್, ಒಳಗೆ ಬಂಗಾರ ಐತೆ," ಎಂದ. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಈಗಲೂ ನಮ್ಮ ಜನ ಎಡವಿದರೆ ಕಾಲು ನೋಡಿಕೊಳ್ಳುವುದಿಲ್ಲ, ಕಲ್ಲು ನೋಡುತ್ತಾರೆ.

ಹಸಿರಿಗೆ ಗಾಜಿನ ಬಳೆಯೇ ಸರಿ ಅನ್ನಿಸಿತು. ಮನೆಯಲ್ಲಿದ್ದ ಒಡೆದ ಬಳೆ ಎತ್ತಿಕೊಂಡರೆ ಹೆಂಡತಿ ಬೆಂಕಿಯಾದಳು. ಕುಂಕುಮದ ಭರಣಿಗೆ ಒಡೆದ ಬಳೆಯೇ, ಅಪಶಕುನ ಅಂದಳು. ಬಂಗಾರಪೇಟೆಗೆ ಹೋಗಿ ಹೊಸ ಬಳೆ ತಂದೆ. ತಂದು ಒಡೆದೆ. ಶಕುನ ಸರಿಹೋಯಿತು.

ಬೀಟೆ ಮರದ ಕಪ್ಪು ಮೈಯಲ್ಲಿ ಹಸಿರು ಗಾಜಿನ ಉಂಗುರ ಮಿಂಚುತ್ತಿತ್ತು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬೂದಿಕೋಟೆಗೆ ಹೋದೆ. ಬೀಗಿತ್ತಿ ಅದನ್ನು ಬಾಗಿಲ ಬೆಳಕಿಗೆ ಹಿಡಿದರು, ಮೂಗಿನ ಹತ್ತಿರ ತಂದರು, ತಿರುಗಿಸಿದರು.

"ಪಚ್ಚ ಎಲ್ಲೈತಣ್ಣಾ?"

"ಇದೇ ಅಲ್ವೇನಮ್ಮಾ, ಫಳಫಳ ಅಂತೈತೆ!"

ಅವರು ಅರಿಶಿನ ಬಳಿದ ಹೊಸ್ತಿಲ ಕಡೆ ಬೆರಳು ತೋರಿಸಿದರು. "ಅಗೋ, ಆ ಪಚ್ಚ."

ತೆಲುಗಿನವರಿಗೆ ಪಚ್ಚ ಅಂದರೆ ಹಳದಿಯೂ ಹೌದು ಅಂತ ನನಗೆ ಆಗ ಹೊಳೆಯಿತು. ನಗುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಹೇಳಿದರು:

"ಕಣ್ಗೆ ಎಲ್ಲಾ ಮಬ್ಬಾಗ್ಬುಟ್ಟೈತೆ. ಪಚ್ಚ ಒಂದು ಕಾಣ್ತದೆ. ಮೊನ್ನೆ ಕುಂಕುಮ ಅಂತ ದೇವ್ರಿಗೆ ಕಾರದ್ ಪುಡಿ ಇಕ್ಬುಟ್ಟೆ. ಪಾಪ, ಅವ್ನೂ ಏನೂ ಅನ್ಲಿಲ್ಲ. ಉಡ್ಗಿಗೆ ತಿಳಿದ್ರೆ ಊಟ ಬಿಟ್ಟು ಕೂತ್ಕೊಂತಾಳೆ."

ಅವರು ನಕ್ಕರು. ಗೀಟು ಬದಲಿಸಿ ಕೊಡುತ್ತೇನೆ ಅಂತ ಭರಣಿಯನ್ನು ವಾಪಸ್ ತಂದೆ.

ಅರಿಶಿನ ನಿಲ್ಲುವುದಿಲ್ಲ, ಗೊತ್ತಿತ್ತು. ಬಂಗಾರಪೇಟೆ ಸ್ಟೇಷನ್ ಹತ್ತಿರ ಬೀಗದಕೈ ಮಾಡುವವನ ಮುಂದೆ ನಿಂತು, ಉಜ್ಜಿದಾಗ ಉದುರುವ ಹಿತ್ತಾಳೆ ಪುಡಿ ಬೇಡಿದೆ. "ಏನ್ ಸಾಮಿ, ಬಂಗಾರ ಅಂತ ಮಾರ್ತೀಯಾ?" ಎಂದು ಕೇಳಿಯೇ ಕೊಟ್ಟ. ಹಸಿರು ಗಾಜನ್ನೆಲ್ಲ ಕೆತ್ತಿ ತೆಗೆದು, ಗೀಟನ್ನು ಇನ್ನೂ ಅಗಲ ಮಾಡಿ, ಹಿತ್ತಾಳೆ ತುಂಬಿ ಉಜ್ಜಿದೆ. ಹಿತ್ತಲ ಆ ತುದಿಯಿಂದಲೂ ಕಾಣುತ್ತಿತ್ತು.

ಬಟ್ಟೆ ಒಣಹಾಕಲು ಬಂದ ಸೊಸೆ ಅದನ್ನು ಎತ್ತಿಕೊಂಡಳು.

"ಯಾರಿಗೆ ಮಾವ?"

"ನಿಮ್ಮಮ್ಮಂಗೆ, ಅವ್ರೇ ಕೇಳಿದ್ರು," ಅಂದುಬಿಟ್ಟೆ.

"ಹಳ್ದಿನಾ? ಅಮ್ಮಂಗೆ ಹಳ್ದಿ ಕಂಡ್ರಾಗಲ್ಲ ಮಾವ. ಹಳ್ದಿ ಸೀರೆ ತಂದ್ರೆ ನಂಗೇ ವಾಪಸ್ ಕೊಡ್ತಾಳೆ. ಹಸ್ರು ಅಂದ್ರೆ ಪ್ರಾಣ. ಹಳ್ದಿ ಯಾಕ್ ಕೇಳಿದ್ಲು?"

ಊರನ್ನೆಲ್ಲ ಆಡಿಕೊಳ್ಳುವ ನನ್ನ ಬಾಯಿಗೆ ಒಂದು ಸುಳ್ಳು ಸಿಗಲಿಲ್ಲ.

"ಅದೊಂದೇ ಕಾಣೋದಂತೆ ಕಣಮ್ಮಾ."

ಅವಳು ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು, ಭರಣಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಬೂದಿಕೋಟೆ ಬಸ್ಸು ಈಗೈತಾ ಮಾವ?"