ಬಂದ್ ಆಗಿದ್ದ ಲೈನಿನಲ್ಲಿ ಹರಿದ ಕರೆಂಟು

೨೦೧೯ರ ಆಗಸ್ಟ್. ನಾನಾಗ ರಾಯಬಾಗ ತಾಲ್ಲೂಕಿನಲ್ಲಿ ವಿದ್ಯುತ್ ಶಾಖಾಧಿಕಾರಿ. ಕೃಷ್ಣೆಯ ನೆರೆ ಇಳಿದ ಮೇಲೆ, ಹಾರೂಗೇರಿಯ ಪರಿಹಾರ ಕೇಂದ್ರದಲ್ಲಿದ್ದ ನದಿದಂಡೆಯ ಹಳ್ಳಿಯೊಂದರ ಜನ ಊರಿಗೆ ಮರಳಿದ್ದರು. ಮರಳಿದ್ದರೆಂದರೆ, ಕುಸಿದ ಗೋಡೆಗಳ ಮುಂದೆ ತಾಡಪತ್ರಿ ಕಟ್ಟಿಕೊಂಡು ಕೂತಿದ್ದರು. ಊರನ್ನೇ ಎತ್ತರದ ಜಾಗಕ್ಕೆ ಸ್ಥಳಾಂತರಿಸುತ್ತಾರೆಂಬ ಸುದ್ದಿ ಬೇರೆ. ಗೋಡೆ ಎಬ್ಬಿಸಬೇಕೋ ಬೇಡವೋ ಯಾರಿಗೂ ಗೊತ್ತಿರಲಿಲ್ಲ. ಆದರೆ ಕರೆಂಟು ಮಾತ್ರ ಎಲ್ಲರಿಗೂ ಅವತ್ತೇ ಬೇಕಿತ್ತು. ಕುಡಿಯುವ ನೀರಿನ ಪಂಪು ನಿಂತಿತ್ತು.

ನೆನೆದ ಗೋಡೆಗೆ ಕರೆಂಟು ಹರಿದರೆ ಮುಟ್ಟಿದವರ ಜೀವ ಹೋಗಬಹುದು. ಅದಕ್ಕೇ ಮೊದಲ ಎರಡು ದಿನ ಕಂಬದಿಂದ ಮನೆಗಳಿಗೆ ಹೋಗುವ ಸರ್ವಿಸ್ ವೈರುಗಳನ್ನೆಲ್ಲ ಬಿಡಿಸಿದೆವು. ಪದ್ಮಾವತಿ ಎಂಬುವರ ಹಿಟ್ಟಿನ ಗಿರಣಿಯದು ಮಾತ್ರ ಉಳಿಯಿತು. ಬಾಗಿಲಿಗೆ ಬೀಗವಿತ್ತು, ಕಂಬದ ಬುಡದಲ್ಲಿ ಮೊಣಕಾಲುದ್ದ ಕೆಸರು. "ಆಮೇಲೆ ನೋಡೋಣ" ಎಂದವನು ನಾನೇ.

ಮೂರನೆಯ ದಿನ ಬೆಳಿಗ್ಗೆ ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಪಡೆದೆ. ಲೈನಿಗೆ ವಿದ್ಯುತ್ ಬಿಟ್ಟಿಲ್ಲ, ಕೆಲಸ ಮಾಡಬಹುದು ಎಂಬ ಅನುಮತಿ ಅದು. ಲೈನ್‌ಮನ್ ಬಾಳಪ್ಪ ಕಂಬ ಹತ್ತಿದ. ಕೆಳಗೆ ಖಾಲಿ ಕೊಡ ಹಿಡಿದ ಹೆಂಗಸರು, ರೇಗುತ್ತಿದ್ದ ಗಂಡಸರು.

"ಇನ್ನಾ ಎಷ್ಟೊತ್ತರಿ ಸಾಹೇಬ್ರ?"

ನನಗೂ ತಾಳ್ಮೆ ತಪ್ಪಿತು. "ಬಾಳಪ್ಪಾ, ಲೈನ್ ಬಂದ್ ಐತಿ, ಲಗೂನ ಮುಗಸು" ಎಂದು ಕೂಗಿದೆ.

"ರಾಡ್ ಹಾಕೂತನಕಾ ತಂತಿಗಿ ಕೈ ಹಚ್ಚೂದಿಲ್ರಿ" ಎಂದ ಆತ.

ತಂತಿಯಲ್ಲಿ ಉಳಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಉದ್ದ ಕೋಲು ಆ ಡಿಸ್ಚಾರ್ಜ್ ರಾಡ್. ಅದು ತಂತಿಗೆ ತಾಗಿದ್ದೇ ತಡ, ಫಟ್ಟೆಂದು ನೀಲಿ ಕಿಡಿ ಹಾರಿತು. ಬಾಳಪ್ಪ ಕಂಬವನ್ನು ಅವುಚಿಕೊಂಡ. ಊರೊಳಗೆಲ್ಲೋ ಕೇಳುತ್ತಿದ್ದ ಗುಡುಗುಡು ಸದ್ದು ಅದೇ ಕ್ಷಣ ನಿಂತಿತು. ಆವರೆಗೆ ಅಂಥದೊಂದು ಸದ್ದು ಇತ್ತೆಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ.

ಬಾಳಪ್ಪನನ್ನು ಇಳಿಸಿ, ಸದ್ದು ನಿಂತ ದಿಕ್ಕಿನಲ್ಲಿದ್ದ ಗಿರಣಿಯತ್ತ ಓಡಿದೆ. ಬೀಗ ತೆಗೆದಿತ್ತು. ಒಳಗೆ ಬಾಡಿಗೆ ಜನರೇಟರನ್ನು ಗಿರಣಿಯ ಮೇನ್ ಸ್ವಿಚ್ಚಿಗೆ ಜೋಡಿಸಿದ್ದರು. ನಾವು ಬಿಡಿಸದೆ ಬಿಟ್ಟಿದ್ದ ಅದೇ ವೈರಿನಿಂದ ಕರೆಂಟು ಹಿಮ್ಮುಖವಾಗಿ ಕಂಬಕ್ಕೆ ಹರಿದಿತ್ತು; ರಾಡ್ ಅದನ್ನು ನೆಲಕ್ಕಿಳಿಸಿದ ಹೊಡೆತಕ್ಕೆ ಜನರೇಟರ್ ನಿಂತಿತ್ತು.

"ಒಂದು ಜೀವಾ ಹೋಗ್ತಿತ್ತು, ಗೊತ್ತೈತೇನು ನಿಮಗ?" ಎಂದು ಕಿರುಚಿದೆ.

ಪದ್ಮಾವತಿ ಹಿಟ್ಟಿನ ಕೈಯಲ್ಲೇ ಎದ್ದು ನಿಂತರು. "ಪರಿಹಾರದಾಗ ಜ್ವಾಳಾ ಕೊಟ್ಟಾರ್ರಿ. ಬೀಸಾಕ ಎಲ್ಲಿಗಿ ಹೋಗಬೇಕು ಮಂದಿ? ಅದಕ್ಕ ಜನರೇಟರ್ ತರಿಸೀನಿ. ಅದು ನಿಮ್ಮ ತಂತಿಗೆ ಹೋಗತೈತಂತ ನಮಗ ಯಾರ್ ಹೇಳ್ಯಾರ್ರಿ?"

ನನ್ನ ಹಿಂದೆ ಬಂದಿದ್ದ ಗುಂಪಿನಲ್ಲಿ ಯಾರೋ "ಕೇಸ್ ಹಾಕ್ರಿ" ಎಂದರು. ಆಗ ಬಾಳಪ್ಪ ಒಳಗೆ ಬಂದ. ಅವನನ್ನು ಕಂಡು ಪದ್ಮಾವತಿಯವರ ಮುಖ ಬಿಳಿಚಿಕೊಂಡಿತು.

"ನಿನಗೇನರ ಆಗಿದ್ರ ನಾ ಹ್ಯಾಂಗ ಬದಕ್ಲೆಪಾ ತಮ್ಮಾ?"

"ಆಗಿಲ್ಲಲ್ಲ ಬಿಡ್ರಿ ಅಕ್ಕಾರ" ಎಂದವನು ನನ್ನತ್ತ ತಿರುಗಿದ. "ಸಾಹೇಬ್ರ, ಇವರ ವೈರ್ ಬಿಡಸೂಣು. ಆಮ್ಯಾಲ ಗಿರಣಿ ನಡೀಲಿ. ಮಕ್ಕಳು ಉಪಾಸ ಅದಾವ."

ಹಾಗೆಯೇ ಮಾಡಿದೆವು. ಗಿರಣಿ ಮತ್ತೆ ಶುರುವಾಯಿತು. ಬಾಳಪ್ಪ ಮತ್ತೆ ಕಂಬ ಹತ್ತಿ, ಮೊದಲು ರಾಡ್ ಹಾಕಿಯೇ ಕೆಲಸಕ್ಕಿಳಿದ. ಮರುದಿನ ಮಧ್ಯಾಹ್ನ ನೀರಿನ ಪಂಪು ಚಾಲೂ ಆಯಿತು. ವರದಿಯಲ್ಲಿ ತಪ್ಪು ನನ್ನದೆಂದು ಬರೆದೆ, ಮೇಲಿನವರಿಂದ ನೋಟಿಸು ಬಂತು. ಊರಿನ ಸ್ಥಳಾಂತರದ ಮಾತು ನಾನು ನಿವೃತ್ತನಾಗುವವರೆಗೂ ಮಾತಾಗಿಯೇ ಉಳಿಯಿತು. ಪದ್ಮಾವತಿ ಅದಕ್ಕಾಗಿ ಕಾಯದೆ ಗಿರಣಿಯ ಗೋಡೆ ಕಟ್ಟಿಸಿದರು.

ಲೈನ್ ಕ್ಲಿಯರ್ ಕೊಡುವವರಿಗೆ ಸಬ್‌ಸ್ಟೇಷನ್ನಿನ ಸ್ವಿಚ್ಚು ಕಾಣುತ್ತದೆ, ಹಸಿದ ಊರು ಏನು ಮಾಡುತ್ತಿದೆ ಎಂಬುದು ಕಾಣುವುದಿಲ್ಲ. ಮುಂದಿನ ಪ್ರತಿ ನೆರೆಯಲ್ಲೂ ಲೈನ್‌ಮನ್ ಕಂಬ ಹತ್ತುವ ಮೊದಲು ನಾನು ಊರ ಓಣಿ ಓಣಿ ನಡೆದು, ಮನೆಮನೆಯ ಮುಂದೆ ನಿಂತು ಕೇಳುತ್ತಿದ್ದೆ: "ಏನ್ ಮಾಡಾಕತ್ತೀರಿ? ನಿಮಗ ಮೊದಲ ಏನ್ ಬೇಕಾಗೈತಿ?"