ವೈನಿಯ ಕೊತ್ತಂಬರಿ ಡಬ್ಬ

ವೈನಿಯ ಕೊತ್ತಂಬರಿಯನ್ನು ಸಾಯಿಸಿದ್ದು ನಾನು. ಎರಡು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಚಾಳಿನ ಗ್ಯಾಲರಿಯಲ್ಲಿ ಒಂದು ಹಳೆಯ ಸೀಮೆಎಣ್ಣೆ ಡಬ್ಬವಿತ್ತು. ಅಣ್ಣನನ್ನು ಮದುವೆಯಾಗಿ ಬೆಳಗಾವಿಯಿಂದ ಬಂದ ವೈನಿ, ಬಂದ ತಿಂಗಳಲ್ಲೇ ಅದಕ್ಕೆ ಮಣ್ಣು ತುಂಬಿ, ಹವೀಜದ, ಅಂದರೆ ಕೊತ್ತಂಬರಿಯ, ಕಾಳನ್ನು ಲಟ್ಟಣಿಗೆಯಿಂದ ಎರಡು ಹೋಳು ಮಾಡಿ ಬಿತ್ತಿದ್ದರು.

ಸೊಪ್ಪು ಎಷ್ಟು ಚೆನ್ನಾಗಿ ಬಂತೆಂದರೆ, ಪಕ್ಕದ ಖೋಲಿಯವರೂ ಸಾರಿಗೆಂದು ನಾಲ್ಕು ಎಸಳು ಕೇಳಿ ಒಯ್ಯುತ್ತಿದ್ದರು.

ಆ ದಿನ ವೈನಿ ಮುಟ್ಟಾಗಿ ಹೊರಗೆ ಕೂತಿದ್ದರು. ಗ್ಯಾಲರಿಯ ಮೂಲೆ, ಡಬ್ಬದ ಪಕ್ಕ. ಅಡುಗೆ ನನ್ನ ಪಾಲಿಗೆ ಬಂದಿತ್ತು.

ಗಂಜಿ ಬಸಿದು, ತಣಿಸಿ ಗಿಡಕ್ಕೆ ಹಾಕು ಎಂದು ಹೇಳಿ ಅವ್ವ ಪೇಟೆಗೆ ಹೋದಳು. ಅಂಧೇರಿಗೆ ಶೂಟಿಂಗ್ ನೋಡಲು ಗೆಳತಿಯರು ಕೆಳಗಿನಿಂದ ಕರೆಯುತ್ತಿದ್ದರು... ಶಾಲೆಯಲ್ಲೇ ಕೂರಲಾರದೆ ಓಡಿಬಂದವಳು ನಾನು, ಗಂಜಿ ತಣಿಯುವವರೆಗೆ ಕೂರುತ್ತೇನೆಯೇ?

ಹಬೆಯಾಡುವ ಗಂಜಿಯನ್ನೇ ಸುರಿದು ಓಡಿದೆ. ವೈನಿ ಹೊಟ್ಟೆನೋವಿಗೆ ಗೋಡೆಯ ಕಡೆ ತಿರುಗಿ ಮಲಗಿದ್ದರು.

ಸಂಜೆ ಬಂದು ನೋಡಿದರೆ ಸೊಪ್ಪೆಲ್ಲ ನೆಲಕಚ್ಚಿತ್ತು.

ಆ ಮೂರು ದಿನದಲ್ಲಿ ಹೆಂಗಸು ಮುಟ್ಟಿದರೆ ಗಿಡ ಒಣಗುತ್ತದೆ ಎನ್ನುವುದು ಅವ್ವನ ನಂಬಿಕೆ. “ನಾನು ಮುಟ್ಟಿಲ್ಲ” ಎಂದು ವೈನಿ ಎಷ್ಟು ಹೇಳಿದರೂ ಅವ್ವ ಕೇಳಲಿಲ್ಲ. ಅಂದಿನಿಂದ ಡಬ್ಬ ಅವ್ವನದಾಯಿತು. ವೈನಿ ಯಾವ ದಿನವೂ ಅದರ ಹತ್ತಿರ ಹೋಗುವಂತಿರಲಿಲ್ಲ.

ನಾನು ಸುಳ್ಳು ಹೇಳುವವಳಲ್ಲ ಎಂದು ಎಲ್ಲರ ಮುಂದೆ ಜಂಬ ಕೊಚ್ಚಿಕೊಳ್ಳುತ್ತೇನೆ. ಅವತ್ತು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇವತ್ತು ಮಧ್ಯಾಹ್ನ ಟ್ರಂಕು ತುಂಬುತ್ತಿದ್ದೆ. ಅವ್ವ ಪಕ್ಕದ ಖೋಲಿಯವರಿಗೆ ನಗುತ್ತ ಹೇಳುತ್ತಿದ್ದಳು, “ನಮ್ಮ ಸೊಸಿ ಕೈ ಗಿಡಕ್ಕ ಆಗಿಬರಂಗಿಲ್ರಿ.”

ವೈನಿ ತಲೆ ಎತ್ತದೆ ರೇಷನ್ ಅಕ್ಕಿಯ ಕಲ್ಲು ಹೆಕ್ಕುತ್ತಿದ್ದರು.

ಅವರೆಲ್ಲರ ಎದುರಿಗೇ ಹೇಳಿಬಿಟ್ಟೆ. ಗಂಜಿ, ಹಬೆ, ಶೂಟಿಂಗ್, ಎಲ್ಲ.

ಪಕ್ಕದವರು ಎದ್ದು ಹೋದ ಮೇಲೆ ಅವ್ವ ಹವೀಜದ ಬಟ್ಟಲು ತಂದು ವೈನಿಯ ಮುಂದಿಟ್ಟಳು. “ನೀನ ಬಿತ್ತವಾ. ನಾ ಹಾಕಿದ್ರ ಬರೇ ಕಡ್ಡಿ ಏಳತಾವ.”

ವೈನಿ ಬಟ್ಟಲು ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

“ಎರಡ ವರ್ಷ, ಶಾಂತಾ?”

ನಾನು ಟ್ರಂಕಿನ ಮುಚ್ಚಳ ಹಾಕಿದೆ. ನಾಳೆ ಬೆಳಗಿನ ಗಾಡಿಗೆ ಹೊಲಿಗೆ ಕಲಿಯಲು ಪುಣೆಗೆ ಹೊರಡುತ್ತಿದ್ದೇನೆ.