ಗೋಂದು ಹಚ್ಚುವ ಹತ್ತು ನಿಮಿಷ

ಆಸ್ಪತ್ರೆಯ ಎರಡನೇ ಮಹಡಿಯ ಮೂಲೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಗುಮಾಸ್ತನನ್ನು ಎಲ್ಲರೂ ಗೋಂದಣ್ಣ ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಕೊಟ್ಟ ಮನೆಯಲ್ಲಿ ಸುಖವಾಗಿದ್ದಳು. ವಾರಕ್ಕೊಮ್ಮೆ ಫೋನು ಮಾಡಿ "ಊಟ ಆಯ್ತಾ ಅಪ್ಪ" ಎಂದು ಕೇಳಿ, ಉತ್ತರ ಮುಗಿಯುವ ಮುಂಚೆಯೇ ಮಗುವಿನ ಹಿಂದೆ ಓಡುತ್ತಿದ್ದಳು. ಬಾಡಿಗೆ ಕೋಣೆಯಲ್ಲಿ ಅವನ ಮಾತಿಗೆ ಹೂಂಗುಟ್ಟಲು ಒಂದು ನರಪಿಳ್ಳೆಯೂ ಇರಲಿಲ್ಲ.

ಅವನ ಕೆಲಸ ಪಥ್ಯದ ಪಟ್ಟಿ ತೆಗೆಯುವುದು. ಅರವತ್ತು ಹಾಸಿಗೆ, ಒಬ್ಬೊಬ್ಬ ರೋಗಿಗೆ ಒಂದೊಂದು ಸಾಲು. ಒಂದೊಂದು ಸಾಲೂ ರೈಲಿನಷ್ಟುದ್ದ: ಹಾಸಿಗೆ ನಂಬರು, ಹೆಸರು, ಕಾಯಿಲೆ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಉಪ್ಪು, ಸಕ್ಕರೆ, ಕಟ್ಟಕಡೆಗೆ 'ಕೊಡಬಾರದ್ದು'. ಒಂದು ಹಾಳೆಯ ಅಗಲಕ್ಕೆ ಅದು ಹಿಡಿಯುತ್ತಿರಲಿಲ್ಲ. ಪ್ರಿಂಟರು ಸಾಲನ್ನು ನಡುಮಧ್ಯೆ ಕಡಿದು, ಮೊದಲು ಮೂರು ತಲೆಹಾಳೆ, ಆಮೇಲೆ ಮೂರು ಬಾಲದ ಹಾಳೆ ಉಗುಳುತ್ತಿತ್ತು. ಬಾಲದಲ್ಲಿ ಹೆಸರಿಲ್ಲ, ನಂಬರಿಲ್ಲ. ಒಂದನೆಯದಕ್ಕೆ ನಾಲ್ಕನೆಯದು, ಎರಡನೆಯದಕ್ಕೆ ಐದನೆಯದು, ಮೂರನೆಯದಕ್ಕೆ ಆರನೆಯದು ಎಂದು ಗೆರೆಗೆ ಗೆರೆ ಕೂಡಿಸಿ ಅಂಟಿಸಬೇಕು.

ಒಂಟಿ ಕೈಗೆ ಬಗ್ಗುವ ಕೆಲಸವಲ್ಲ ಅದು. ಆದ್ದರಿಂದ ದಿನಾ ಬೆಳಿಗ್ಗೆ ಏಳಕ್ಕೆ ಕೆಳಗಿನ ಅಡುಗೆಮನೆಯಿಂದ ಅಡುಗೆಯಕ್ಕ ಹತ್ತಿ ಬರುತ್ತಿದ್ದಳು. ಅವಳು ತಲೆಹಾಳೆ ಬಿಗಿಹಿಡಿದರೆ ಇವನು ಗೋಂದು ಸವರಿ ಬಾಲ ಒತ್ತುತ್ತಿದ್ದ.

"ಗಟ್ಟಿ ಹಿಡೀರಿ ಅಕ್ಕ, ನಡುಗ್ತಿದೆ."

"ನಡುಗ್ತಿರೋದು ನಿಮ್ಮ ಕೈ. ನನ್ನದು ಹಂಡೆ ಎತ್ತೋ ಕೈ ಕಣಣ್ಣ."

ಆ ಹತ್ತು ನಿಮಿಷದಲ್ಲಿ ಅವಳ ಮನೆಯ ಸೋರುವ ನಲ್ಲಿ, ಭಾವನ ಗೊರಕೆ, ತಂಗಿಯ ಮಗಳ ಹಟ ಎಲ್ಲವೂ ಅವನ ಮೇಜಿನ ಮೇಲೆ ಬಂದು ಕೂರುತ್ತಿದ್ದವು. ಅವಳಿಗೆ ಹೇಳಲೆಂದು ಇವನೂ ಹಿಂದಿನ ದಿನದಿಂದಲೇ ಒಂದೆರಡು ಮಾತು ಕೂಡಿಟ್ಟುಕೊಂಡಿರುತ್ತಿದ್ದ.

ಈ ರಗಳೆಗೆ ಮದ್ದನ್ನು ಅವನು ಒಂದೂವರೆ ವರ್ಷದ ಹಿಂದೆಯೇ, ಯಾರೂ ಹೇಳಿಕೊಡದೆ, ಕಂಡುಕೊಂಡಿದ್ದ. ಹಾಳೆ ಎಲ್ಲಿ ತುಂಡಾಗುತ್ತದೆ ಎಂದು ಪರದೆಯ ಮೇಲೆ ತೋರಿಸುವ ನೀಲಿ ಗೆರೆಯೊಂದಿದೆ. ಕಾಗದವನ್ನು ಅಡ್ಡ ತಿರುಗಿಸಿ, ಆ ಗೆರೆಯನ್ನು ಮೌಸಿನಿಂದ ಹಿಡಿದು ಬಲತುದಿಗೆ ಎಳೆದರೆ ಇಡೀ ಸಾಲು ಒಂದೇ ಹಾಳೆಗೆ ಕೂರುತ್ತದೆ. ಅಕ್ಷರ ಕೊಂಚ ಸಣ್ಣದಾಗುತ್ತದೆ, ಅಷ್ಟೇ. ಒಮ್ಮೆ ಎಳೆದೂ ನೋಡಿದ್ದ. ಅಚ್ಚುಕಟ್ಟಾಗಿ ಕೂತಿತ್ತು. ಆದರೆ ಹೀಗಾದರೆ ಅಕ್ಕ ಇನ್ನು ಯಾಕೆ ಮೆಟ್ಟಿಲು ಹತ್ತುತ್ತಾಳೆ ಎನ್ನಿಸಿ, ಸೇವ್ ಮಾಡದೆ ಮುಚ್ಚಿಬಿಟ್ಟಿದ್ದ.

ಆ ಮಂಗಳವಾರ ಅಕ್ಕ ಭಾವನ ಗೊರಕೆಯನ್ನು ಅಣಕಿಸಿ ತೋರಿಸಿದಳು. ನಗುನಗುತ್ತಲೇ ಅವನು ಎರಡನೇ ಹಾಳೆಗೆ ಐದನೆಯದರ ಬದಲು ಆರನೆಯದನ್ನು ಒತ್ತಿದ. ಗೆರೆಗಳು ಒಂದಿಷ್ಟೂ ಆಚೀಚೆಯಾಗದೆ ಕೂಡಿಕೊಂಡವು. ಸಂಜೆ ಮೂವತ್ತೊಂದನೇ ಹಾಸಿಗೆಯ ತಾತನಿಗೆ, ನುಣ್ಣಗೆ ಅರೆದದ್ದನ್ನು ಮಾತ್ರ ನುಂಗಬಲ್ಲವನಿಗೆ, ಬ್ರೆಡ್ಡು ಹೋಯಿತು. ಗಂಟಲಿಗೆ ಸಿಕ್ಕಿ ತಾತ ನೀಲಿಗಟ್ಟಿದ. ನರ್ಸು ಬೆನ್ನು ಗುದ್ದಿ ಉಳಿಸಿದಳು.

ಮರುದಿನ ದೊಡ್ಡ ಸಿಸ್ಟರು ಇಬ್ಬರನ್ನೂ ಕರೆಸಿದರು.

"ಪಟ್ಟಿ ನೋಡಿ ಬಡಿಸೋಕಾಗದವರನ್ನ ಒಲೆ ಮುಂದೆ ನಿಲ್ಲಿಸಿದ್ದು ನನ್ನದೇ ತಪ್ಪು. ನಾಳೆಯಿಂದ ನೀವು ಪಾತ್ರೆ ತೊಳೆಯೋ ಕಡೆ ಹೋಗಿ," ಎಂದರು ಅಕ್ಕನಿಗೆ.

ಅಕ್ಕ ಸೆರಗಿನ ತುದಿ ಹಿಡಿದು ನಿಂತಿದ್ದಳು. ಗೋಂದಣ್ಣ ಒಂದು ಹೆಜ್ಜೆ ಮುಂದೆ ಬಂದ.

"ಅವರು ಪಟ್ಟಿಲಿದ್ದದ್ದನ್ನೇ ಕೊಟ್ಟಿದ್ದಾರೆ ಸಿಸ್ಟರ್. ಐದರ ಜಾಗಕ್ಕೆ ಆರು ಅಂಟಿಸಿದೋನು ನಾನು."

"ಅಂಟಿಸದೆ ತೆಗೆಯೋಕೆ ಬರಲ್ವಾ ನಿಮಗೆ?"

ಬರುವುದಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗೊತ್ತಿಲ್ಲದವನ ತಪ್ಪನ್ನು ಇವರು ಮನ್ನಿಸಿ, ಬಡಿಸಿದವಳ ತಲೆಗೇ ಕಟ್ಟುತ್ತಾರೆ ಎಂದು ಅವನಿಗೆ ಹೊಳೆಯಿತು.

"ಬರುತ್ತೆ. ಒಂದೂವರೆ ವರ್ಷದಿಂದ ಬರುತ್ತೆ."

ಅಕ್ಕ ತಿರುಗಿ ನೋಡಿದಳು. ಅವಳ ಒಲೆ ಅವಳಿಗೇ ಉಳಿಯಿತು. ಇವನ ಕೈಗೆ ಎಚ್ಚರಿಕೆ ಪತ್ರ ಬಂತು.

ಮೆಟ್ಟಿಲ ಮೇಲೆ ಅವಳು ನಿಂತಳು.

"ಗೊತ್ತಿದ್ದೂ ದಿನಾ ನನ್ನ ಹತ್ತಿಸಿದ್ರಾ? ಈ ಮಂಡೀನ ಕೇಳಿ ನೋಡಿ ಒಂದ್ಸಲ."

"ತಪ್ಪಾಯ್ತು ಅಕ್ಕ. ನೀವು ಬರೋದು ನಿಂತುಹೋಗುತ್ತೆ ಅಂತ..."

"ಮಾತಾಡೋಕೆ ಜನ ಬೇಕಿದ್ರೆ ಕೆಳಗೆ ಬಂದು ಕೂತ್ಕೋಬಹುದಿತ್ತು. ಆ ತಾತ ಹೋಗಿದ್ರೆ ಯಾರಿಗೆ ಹೇಳ್ತಿದ್ರಿ ತಪ್ಪಾಯ್ತು ಅಂತ?"

ಅವಳು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದಳು.

ಮಾರನೆಯ ಬೆಳಿಗ್ಗೆ ಅವನು ನೀಲಿ ಗೆರೆ ಎಳೆದ. ಮೂರೇ ಹಾಳೆ ಬಂದವು, ತಲೆ ಬಾಲ ಒಂದಾಗಿ. ಅಟೆಂಡರು ಬಾಗಿಲಲ್ಲೇ ನಿಂತು ಇಸಿದುಕೊಂಡು ಹೋದ. ಗಡಿಯಾರದಲ್ಲಿ ಏಳು ಗಂಟೆ ಎರಡು ನಿಮಿಷ. ಕೆಳಗೆ ಹೋಗಿ ಕೂರಬಹುದಿತ್ತು. ಆ ಮಾತಿನ ಮೇಲೆ ಯಾವ ಮುಖ ಹೊತ್ತು ಹೋಗುವುದು?

ಎದ್ದು ವಾರ್ಡಿಗೆ ನಡೆದ. ಮೂವತ್ತೊಂದನೇ ಹಾಸಿಗೆಯಲ್ಲಿ ತಾತ ಕಣ್ಣು ಬಿಟ್ಟುಕೊಂಡೇ ಮಲಗಿದ್ದ.

"ಹೇಗಿದ್ದೀರಿ ತಾತ?"

"ಯಾರಪ್ಪ ನೀನು?"

"ಮೇಲೆ ಪಟ್ಟಿ ತೆಗೆಯೋನು."

"ಯಾವ ಪಟ್ಟಿ?" ಎಂದ ತಾತ. ಉತ್ತರಕ್ಕೆ ಕಾಯದೆ ಗೋಡೆಯ ಕಡೆ ಮಗ್ಗುಲಾದ. ಜಾರಿದ್ದ ಹೊದಿಕೆಯನ್ನು ಗೋಂದಣ್ಣ ತಾತನ ಭುಜದವರೆಗೆ ಎಳೆದು, ಇನ್ನೊಂದು ಮಾತು ಬರಬಹುದೇನೋ ಎಂದು ಸ್ವಲ್ಪ ಹೊತ್ತು ನಿಂತ.